ಭಾರಕ್ಕೆ ಕೂತವರು

ಗಾಡಿ ಶೆಡ್ಡಿನ ಮುಂದೆ ಬಂದು ನಿಂತರೆ ನಮ್ಮ ಬಾವ ಮಾಲೀಕರನ್ನು ಏನೂ ಕೇಳುತ್ತಿರಲಿಲ್ಲ. ನೇರ ಹಿಂದಕ್ಕೆ ಹೋಗಿ, ಡಿಕ್ಕಿಯ ಮೇಲೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಹಾಕಿ ಒಂದು ಸಲ ಒತ್ತಿ ಬಿಡುತ್ತಿದ್ದರು. ಗಾಡಿ ತಗ್ಗಿ, ಎದ್ದು, ಅಲ್ಲೇ ನಿಂತರೆ ಸರಿ. ಎದ್ದದ್ದು ಮತ್ತೆ ತಗ್ಗಿ, ಮತ್ತೆ ಎದ್ದು ತೂಗಾಡಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ಅರ್ಥ.

"ತೊಟ್ಲು ತೂಗ್ದಂಗೆ ತೂಗ್ತೈತೆ ಸಾ," ಎನ್ನುತ್ತಿದ್ದರು. "ಒಳಗೆ ಮಗ ಮಲಗಿದ್ರೆ ಸರಿ. ನೀವ್ ಮಲಗಿಬುಟ್ರೆ ಕಷ್ಟ."

ಅವರು ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಯಿತು. ಮಧುಗಿರಿ, ಕೊರಟಗೆರೆ, ಶಿರಾ ಕಡೆ ಗಾಡಿ ಇಟ್ಟವರಲ್ಲಿ ಅವರನ್ನು ಅರಿಯದವರು ಕಡಿಮೆ. ಹೆಸರು ಬರೆಯಬೇಡ ಎಂದು ಅಕ್ಕ ಹೇಳಿದ್ದಾಳೆ, ಬರೆಯುವುದಿಲ್ಲ. ಅವರು ನನ್ನ ಅಕ್ಕನ ಗಂಡ. ಹತ್ತನೇ ಕ್ಲಾಸು ಮುಗಿಸಿ ನಾನು ಮಧುಗಿರಿ ಬೆಟ್ಟದ ಬುಡದಲ್ಲಿರುವ ಅವರ ಶೆಡ್ಡಿಗೆ ಸೇರಿದೆ. ಇಪ್ಪತ್ತೆರಡು ವರ್ಷ ಅವರ ಪಕ್ಕದಲ್ಲಿ ಕೆಲಸ ಮಾಡಿದೆ. ಅವರ ಮೇಲೆ ನಾನೇ ಹೊರಿಸಿದ ಒಂದು ಸುಳ್ಳನ್ನು ತೆಗೆದುಹಾಕಲು ಇದನ್ನು ಬರೆಯುತ್ತಿದ್ದೇನೆ. ಇನ್ನೊಬ್ಬರ ಮೇಲೆ ನನಗಿರುವ ಸಿಟ್ಟೂ ಇದರಲ್ಲಿದೆ. ಅದನ್ನು ಮುಚ್ಚಿಡುವ ಮನಸ್ಸಿಲ್ಲ.

ಬಾವ ಏಳನೇ ಕ್ಲಾಸು ದಾಟಿದವರಲ್ಲ. ಹುಟ್ಟಿದ್ದು ಮದಲೂರಿನ ಹತ್ತಿರದ ಕೇರಿಯಲ್ಲಿ, ಕೆಲಸ ಕಲಿತದ್ದು ಶಿರಾದ ಒಬ್ಬ ಸಾಬರ ಶೆಡ್ಡಿನಲ್ಲಿ. ಆ ಸಾಬರನ್ನು ಕೊನೆಯವರೆಗೂ 'ಉಸ್ತಾದ್' ಎಂದೇ ಕರೆದರು. ಬಾವನ ಕೆಲಸದಲ್ಲಿ ಎಲ್ಲರಿಗೂ ವಿಚಿತ್ರವಾಗಿ ಕಾಣುತ್ತಿದ್ದ ಒಂದು ಪದ್ಧತಿ ಆ ಉಸ್ತಾದರಿಂದಲೇ ಬಂದದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಶಾಕ್ ಅಬ್ಸಾರ್ಬರಿನ ಕೆಳತುದಿಯಲ್ಲಿ ಒಂದು ರಬ್ಬರ್ ಬುಷ್ ಇರುತ್ತದೆ. ಅದರ ನಡುವೆ ಬೋಲ್ಟು ತೂರಿಸಿ ನಟ್ಟು ಬಿಗಿಯುತ್ತಾರೆ. ಜಾಕಿ ಕೊಟ್ಟು ಗಾಡಿಯನ್ನು ಮೇಲೆತ್ತಿದಾಗ ಹಿಂದಿನ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲೇ ಬಿಗಿದುಬಿಟ್ಟರೆ, ಗಾಡಿ ನೆಲಕ್ಕಿಳಿದು ಜನ ಕೂತಾಗ ರಬ್ಬರ್ ತಿರುಚಿಕೊಳ್ಳುತ್ತದೆ. ತಿರುಚಿದ ರಬ್ಬರ್ ಆರೇಳು ತಿಂಗಳಲ್ಲಿ ಹರಿಯುತ್ತದೆ. ಅದಕ್ಕೆ ಬಾವ ನಟ್ಟನ್ನು ಬೆರಳಲ್ಲಿ ಮಾತ್ರ ತಿರುಗಿಸಿಟ್ಟು, ಚಕ್ರ ಹಾಕಿ, ಗಾಡಿಯನ್ನು ನೆಲಗುಂಡಿಯ ಮೇಲೆ ನಿಲ್ಲಿಸಿ, ಒಳಗೆ ಜನರನ್ನು ಕೂರಿಸಿ, ತಾವು ಗುಂಡಿಗೆ ಇಳಿದು ಕೊನೆಯ ಬಿಗಿ ಬಿಗಿಯುತ್ತಿದ್ದರು. "ಪೆಹಲೇ ವಜನ್, ಫಿರ್ ಕಸ್ನಾ," ಎಂದು ಉಸ್ತಾದರ ಮಾತನ್ನು ಅವರ ದನಿಯಲ್ಲೇ ಹೇಳಿ, ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು: "ಭಾರ ಹೊರಿಸು ಕಣ್ಲಾ, ಆಮ್ಯಾಕೆ ಬಿಗಿ. ಗಾಳೀಲಿ ನೇತಾಡ್ತಿರೋವಾಗ ಯಾವ ನಟ್ಟೂ ನಿಜ ಹೇಳಕಿಲ್ಲ."

ಹೀಗಾಗಿ ನಮ್ಮ ಶೆಡ್ಡಿನ ಮುಂದೆ ಹಾದುಹೋಗುವವರಿಗೆಲ್ಲ ಒಂದಲ್ಲ ಒಂದು ದಿನ "ಭಾರಕ್ಕೆ ಬರ್ರಪ್ಪಾ" ಎಂಬ ಕೂಗು ಬಿದ್ದೇ ಇರುತ್ತದೆ. ಕೆಲವರು ಚೀಲ ಕೆಳಗಿಟ್ಟು ಬಂದು ಕೂರುತ್ತಿದ್ದರು. ಕೆಲವರು ತೂಕಕ್ಕೆ ಸಾಲದೆ ಚೀಲ ಸಮೇತ ಕೂರುತ್ತಿದ್ದರು. ವೈ.ಎನ್. ಹೊಸಕೋಟೆ ಕಡೆಯಿಂದ ಕಡಲೆಕಾಯಿ ತಂದಿದ್ದ ಮುದುಕಿಯೊಬ್ಬಳನ್ನು ಬಾವ ತಮ್ಮ ಹರಕು ತೆಲುಗಿನಲ್ಲಿ ಕರೆದರು. "ರಾಮ್ಮಾ, ಕಾಸೇಪು ಕೂರ್ಚೋ." ಬಾರಮ್ಮ, ಸ್ವಲ್ಪ ಹೊತ್ತು ಕೂತ್ಕೋ ಎಂದು.

"ಏಮಯ್ಯಾ, ನೇನು ನೀಕು ತೂಕಂ ರಾಯಿನಾ?" ಎಂದಳು ಮುದುಕಿ. ನಾನೇನು ನಿನಗೆ ತೂಕದ ಕಲ್ಲೇ ಎಂದು.

"ನೀನು ಕಲ್ಲಲ್ಲಮ್ಮಾ, ಬಂಗಾರ. ಬಂಗಾರಕ್ಕೆ ತೂಕ ಜಾಸ್ತಿ," ಎಂದರು ಬಾವ ಕನ್ನಡದಲ್ಲಿ. ಮುದುಕಿ ಬೈಯುತ್ತಲೇ ಹತ್ತಿ ಕೂತಳು. ಕೆಲಸ ಮುಗಿದ ಮೇಲೂ ಇಳಿಯಲಿಲ್ಲ. ಮೆತ್ತಗಿದೆ, ಇನ್ನು ಸ್ವಲ್ಪ ಹೊತ್ತು ಇರುತ್ತೇನೆ ಎಂದಳು.

ಇನ್ನೊಮ್ಮೆ ಒಬ್ಬ ಅರ್ಚಕರ ವ್ಯಾನಿಗೆ ಭಾರ ಬೇಕಾಯಿತು. ಅರ್ಚಕರು, ಪಕ್ಕದ ಪಂಕ್ಚರ್ ಅಂಗಡಿಯ ಸಾಬರು, ನಾನು, ಸಂತೆಗೆ ಹೋಗುತ್ತಿದ್ದ ಒಬ್ಬ ಕುರಿಯವನು, ಅವನ ತೊಡೆಯ ಮೇಲೆ ಒಂದು ಟಗರು. ಇಷ್ಟೂ ಜನ ಒಂದೇ ವ್ಯಾನಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆವು. ಅರ್ಚಕರು ಟಗರಿನ ಬೆಲೆ ಕೇಳುತ್ತಿದ್ದರು. ಭಾರಕ್ಕೆ ಕೂರುವಾಗ ಯಾರು ಯಾವ ಜನ ಎಂದು ಆ ಶೆಡ್ಡಿನಲ್ಲಿ ಯಾರೂ ಕೇಳಿದ್ದಿಲ್ಲ. ಒಬ್ಬರು ಕೇಳುವವರೆಗೆ.

ಬಾವ ಸಿಟ್ಟು ಮಾಡುತ್ತಿರಲಿಲ್ಲ. ಇದನ್ನು ಹೊಗಳಿಕೆಯಾಗಿ ಬರೆಯುತ್ತಿಲ್ಲ. ಅವರಲ್ಲಿ ನನಗೆ ಸೇರದೇ ಇದ್ದದ್ದು ಅದೊಂದೇ. ಯಾರಾದರೂ ಏನಾದರೂ ಅಂದರೆ ಗೋಡೆಯ ಕಡೆ ತಿರುಗಿ ಸರ್ಫ್ ಪುಡಿಗೆ ಮರದ ಹೊಟ್ಟು ಬೆರೆಸಿ ಕೈ ತೊಳೆಯಲು ಶುರು ಮಾಡುತ್ತಿದ್ದರು. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು. ಅಷ್ಟು ಹೊತ್ತಿಗೆ ಅಂದವರು ಹೋಗಿರುತ್ತಿದ್ದರು. ನಾನು ರೇಗಿದರೆ, "ಸಿಟ್ಟಿನಾಗೆ ಸ್ಪ್ಯಾನರ್ ಮುಟ್ಬ್ಯಾಡ. ಒಂದು ಮರೆ ಹೋದ್ರೆ ಬೋಲ್ಟೇ ಹೋದಂಗೆ," ಎನ್ನುತ್ತಿದ್ದರು. ಮರೆ ಎಂದರೆ ನಟ್ಟಿನ ಒಳಗೂ ಬೋಲ್ಟಿನ ಮೈಮೇಲೂ ಸುತ್ತಿಬರುವ ಗೀರು. ಅವರಿಗೆ ಎಲ್ಲ ಮಾತೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ನಾಲ್ಕು ವರ್ಷದ ಹಿಂದೆ ಶಿರಾ ಕಡೆಯಿಂದ ಒಂದು ಕೆಂಪು ಕಾರು ಬಂತು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತಿದ್ದ ಸ್ಪೋರ್ಟ್ಸ್ ಕಾರು. ಮಾಲೀಕರು ಜಲ್ಲಿ ಕ್ರಷರ್ ಇಟ್ಟವರು. ಬಾವನಿಗಿಂತ ಹತ್ತು ವರ್ಷವಾದರೂ ಚಿಕ್ಕವರು. ಕ್ರಷರಿನ ದಾರಿಯಲ್ಲಿ ಅಂಥ ಕಾರನ್ನು ಓಡಿಸಿ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಕಳೆದುಕೊಂಡಿದ್ದರು. ಹೊಸ ಜೋಡಿಯನ್ನು ಬೆಂಗಳೂರಿಂದ ತರಿಸಿ ಜೊತೆಗೇ ತಂದಿದ್ದರು. ಬಾವ ಡಿಕ್ಕಿಯ ಮೇಲೆ ಅಂಗೈ ಊರಿ ಒತ್ತಿದರು. ಕಾರು ನಾಲ್ಕು ಸಲ ತೂಗಿತು.

ಅವರು ಆ ಕಾರಿಗೆ ಎಷ್ಟು ಖುಷಿಪಟ್ಟರೆಂದರೆ, ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ಟೀ ಕೂಡ ಕುಡಿಯಲಿಲ್ಲ. ಡಿಕ್ಕಿಯ ಕಾರ್ಪೆಟ್ ಎತ್ತಿ ಮೇಲಿನ ನಟ್ಟು ಬಿಚ್ಚಿದರು. ಕೆಳಗಿನ ಬೋಲ್ಟು ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ಕಾದು, ಹೊಡೆಯದೆ ತೆಗೆದರು. ಹಳೆಯ ಶಾಕ್ ಅಬ್ಸಾರ್ಬರನ್ನು ಕೈಯಲ್ಲಿ ಹಿಡಿದು ಒತ್ತಿ ನನಗೆ ತೋರಿಸಿದರು. ಒತ್ತಿದ್ದು ಒತ್ತಿದ ಹಾಗೇ ಉಳಿಯಿತು. ಮೈತುಂಬ ಎಣ್ಣೆ ಸೋರಿ ದೂಳು ಮೆತ್ತಿಕೊಂಡಿತ್ತು. "ಪಾಪ, ಇದರ ಪ್ರಾಣ ಹೋಗಿ ಎಷ್ಟು ದಿನ ಆಗೈತೋ. ಹೆಣ ಹೊತ್ಕಂಡು ಓಡಾಡವ್ರೆ," ಎಂದರು.

ಹೊಸದು ಕೂತಾಯಿತು. ಚಕ್ರ ಹಾಕಿ, ಗುಂಡಿಯ ಮೇಲೆ ಕಾರು ನಿಲ್ಲಿಸಿ, ಬಾವ ಮಾಲೀಕರ ಹತ್ತಿರ ಹೋದರು.

"ಇನ್ನು ಭಾರಕ್ಕೆ ಇಬ್ರು ಕೂರ್ಬೇಕು ಸಾ. ಎರಡು ನಿಮ್ಷದ ಕೆಲ್ಸ."

"ಯಾರು ಕೂರ್ತಾರೆ?"

"ನಮ್ ಬಾಮೈದ ಅವನೆ. ಊಟ ತಗಂಡು ನಮ್ಮನೆಯೋರು ಬತ್ತಾರೆ. ಬಟ್ಟೆಯೆಲ್ಲ ಚೊಕ್ಕಟವಾಗೇ ಇರ್ತೈತೆ."

ಅವರು ಬಾವನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಯಾವ ಜನ?"

ಬಾವ ಹೇಳಿದರು. ಯಾವತ್ತೂ ಮುಚ್ಚಿಟ್ಟವರಲ್ಲ. "ಕೇರಿಯೋರು ಸಾ."

"ಅಂಗಾರೆ ಬ್ಯಾಡ. ನಮ್ಮನೆ ಹೆಣ್ಮಕ್ಳು ಕೂರೋ ಗಾಡಿ ಇದು. ನಿಮ್ಮೋರು ಯಾರೂ ಒಳಗೆ ಕೂರೋದು ಬ್ಯಾಡ. ಹೊರಗಿಂದ ಏನು ಮಾಡ್ಕೋಬೇಕೋ ಮಾಡ್ಕೋ." ಇಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ಊಟಕ್ಕೆ ಹೋದರು. ಜೋರಾಗಿ ಹೇಳಲಿಲ್ಲ. ಗಾಡಿಗೆ ಎಷ್ಟು ಗಾಳಿ ಹಿಡಿಸಬೇಕು ಎಂದು ಹೇಳುವ ದನಿಯಲ್ಲಿ ಹೇಳಿದರು. ನನಗೆ ಇವತ್ತಿಗೂ ಉರಿಯುವುದು ಆ ದನಿ.

ಬಾವ ಗೋಡೆಯ ಕಡೆ ತಿರುಗಿ ಕೈ ತೊಳೆದರು. ಆಮೇಲೆ ನನಗೆ ಹೇಳಿದರು: "ಲೇ, ಈ ಬೋಲ್ಟಿಗೆ ಸಣ್ಣ ಮರೆ ನಟ್ಟು ಬೇಕು ಕಣ್ಲಾ. ಕೊರಟಗೆರೆ ಅಂಗಡೀಲಿ ಐತೆ. ಗಾಡಿ ತಗಂಡು ಹೋಗಿ ತತ್ತಾ."

ನಾನು ಬೈಕಿನಲ್ಲಿ ಕೊರಟಗೆರೆಗೆ ಹೋಗಿ ಬರುವಷ್ಟರಲ್ಲಿ ಒಂದೂವರೆ ಗಂಟೆ ಆಯಿತು. ಬಂದು ನೋಡಿದರೆ ಕೆಲಸ ಮುಗಿದಿತ್ತು. ಕಾರು ಹೋಗಿತ್ತು. ಪಂಕ್ಚರ್ ಅಂಗಡಿಗೆ ಬೀಗ, ಅವತ್ತು ಶುಕ್ರವಾರ. ಬಾವ ಕಂಬಕ್ಕೊರಗಿ ಮುದ್ದೆ ಉಣ್ಣುತ್ತಿದ್ದರು. ನಾನು ತಂದ ನಟ್ಟನ್ನು ಹಾಗೇ ಡಬ್ಬಿಗೆ ಹಾಕಿದರು.

"ಭಾರಕ್ಕೆ ಯಾರು ಕುಂತ್ರು ಬಾವ?"

"ಯಾರಿಲ್ಲ," ಎಂದರು. ಎಂದು ನಕ್ಕರು.

ಆ ನಗು ನನಗೆ ಸಾಕಾಯಿತು. ನಟ್ಟು ಬೇಡವಾಗಿದ್ದರೂ ನನ್ನನ್ನು ಕಳಿಸಿದ್ದಾರೆ. ಒಳಗೆ ಯಾರೂ ಕೂತಿಲ್ಲ. ಎಂದೂ ನಗದ ಹೊತ್ತಿನಲ್ಲಿ ನಗುತ್ತಿದ್ದಾರೆ. ಮೂರನ್ನೂ ಕೂಡಿಸಿ ನಾನು ಒಂದು ಲೆಕ್ಕಕ್ಕೆ ಬಂದೆ. ನಮ್ಮ ಬಾವ ಜೀವನದಲ್ಲಿ ಮೊದಲ ಸಲ ಸೇಡು ತೀರಿಸಿಕೊಂಡಿದ್ದಾರೆ. ಭಾರವಿಲ್ಲದೆ, ಗಾಳಿಯಲ್ಲಿ ಬಿಗಿದು ಕಳಿಸಿದ್ದಾರೆ. ಆರು ತಿಂಗಳಲ್ಲಿ ಬುಷ್ ಹರಿಯುತ್ತದೆ. ಆಗ ಗೊತ್ತಾಗುತ್ತದೆ ಅವರಿಗೆ. ಅವತ್ತು ನಾನು ಎರಡು ಮುದ್ದೆ ಜಾಸ್ತಿ ಉಂಡೆ.

ಮತ್ತೆ ಆ ಮಾತು ಅವರ ಮುಂದೆ ಎತ್ತಲಿಲ್ಲ. ಹೋದ ವರ್ಷದ ಮೊದಲಲ್ಲಿ ಅವರಿಗೆ ಎದೆನೋವು ಕಾಣಿಸಿಕೊಂಡಿತು. ತುಮಕೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಹಾಸಿಗೆ ಸರಿಯಿಲ್ಲ, ಒಂದು ಕಡೆ ತಗ್ಗಿದೆ ಎಂದು ಮಂಚದ ಕಾಲಿನ ಬೋಲ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದ್ದರಂತೆ. ಹನ್ನೆರಡನೆಯ ದಿನ ಅವರ ದೇಹವನ್ನು ಊರಿಗೆ ತಂದೆವು.

ಹಾಲುತುಪ್ಪದ ದಿನ ಶೆಡ್ಡಿನ ಮುಂದೆ ಶಾಮಿಯಾನ ಹಾಕಿದ್ದೆವು. ಡ್ರೈವರುಗಳು, ಟ್ರ್ಯಾಕ್ಟರಿನವರು, ಕೊಳಾಲದ ಕಡೆಯ ಟೆಂಪೊದವರು ಎಲ್ಲ ಬಂದಿದ್ದರು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ದೇವರಂಥ ಮನುಷ್ಯ, ಒಬ್ಬರಿಗೆ ಎದುರು ಮಾತಾಡಿದವನಲ್ಲ. ಕೇಳಿ ಕೇಳಿ ನನಗೆ ರೇಗಿತು. ಎದುರು ಮಾತಾಡದೆ ಸತ್ತ ಎಂಬುದು ಒಂದು ಹೊಗಳಿಕೆಯೇ? ಎಲೆಯ ಮುಂದೆ ಕೂತೇ ಹೇಳಿಬಿಟ್ಟೆ. "ನಮ್ ಬಾವ ಸುಮ್ಕೆ ಬುಡೋರಲ್ಲ. ಆ ಕೆಂಪು ಕಾರಿನೋನು ಜಾತಿ ಕೇಳ್ದ. ಬಾವ ಗಾಳೀಲಿ ಬಿಗಿದು ಕಳಿಸುದ್ರು. ಅವನ ಬುಷ್ ಹರಿದು ಚಿಂದಿ ಆಗಿರ್ತೈತೆ."

ಒಂದಿಬ್ಬರು ತೊಡೆ ತಟ್ಟಿ ನಕ್ಕರು. ಅಕ್ಕ ಪಾಯಸದ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದಳು.

"ಆ ಮಾತು ಆಡ್ಬ್ಯಾಡ ಕಣೋ," ಎಂದಳು. "ಅವ್ರು ಕೆಲಸದಾಗೆ ಅಂಗೆ ಮಾಡೋರಲ್ಲ."

"ನಿಂಗೇನ್ ಗೊತ್ತಕ್ಕ. ನಾನಿದ್ದೆ."

"ನೀನು ಕೊರಟಗೆರೇಲಿದ್ದೆ," ಎಂದಳು. ಪಾಯಸ ಬಡಿಸುತ್ತ ಮುಂದೆ ಹೋದಳು.

ನಾನು ಕೇಳಲಿಲ್ಲ. ಮುಂದಿನ ಎರಡು ಮೂರು ತಿಂಗಳು ಟೀ ಅಂಗಡಿಯಲ್ಲಿ, ಬಿಡಿಭಾಗದ ಅಂಗಡಿಯಲ್ಲಿ, ಎಲ್ಲಿ ನಾಲ್ಕು ಜನ ಸಿಕ್ಕರೂ ಅದನ್ನೇ ಹೇಳಿದೆ. ಹೇಳಿದಾಗಲೆಲ್ಲ ಬಾವ ಸ್ವಲ್ಪ ಎದ್ದು ನಿಂತ ಹಾಗೆ ಅನ್ನಿಸುತ್ತಿತ್ತು. ಕಥೆ ಶಿರಾ ಮುಟ್ಟಿತು, ಪಾವಗಡ ಮುಟ್ಟಿತು. ಆಮೇಲೆ ಮೆಲ್ಲಗೆ ಶೆಡ್ಡಿಗೆ ಬರುವ ಗಾಡಿಗಳು ಕಡಿಮೆಯಾದವು. ಮೊದಲು ನನಗೆ ಕಾರಣ ಗೊತ್ತಾಗಲಿಲ್ಲ. ಬಾವನಿಲ್ಲವಲ್ಲ, ಅದಕ್ಕೇ ಎಂದುಕೊಂಡೆ. ಕೊಳಾಲದ ಟೆಂಪೊದವನು ರಸ್ತೆಯಲ್ಲಿ ಸಿಕ್ಕಾಗ ಕೇಳಿದೆ, ಯಾಕಪ್ಪ ಈ ಕಡೆ ಬರಲಿಲ್ಲ ಎಂದು.

"ಏನಿಲ್ಲ ಕಣಣ್ಣ," ಎಂದ. "ನಿಮಗೆ ಆಗ್ದೋರ ಗಾಡಿ ಕೆಡಿಸಿ ಕಳಿಸ್ತೀರಂತೆ. ನಾನು ಯಾವತ್ತಾರ ಏನಾರ ಅಂದಿದ್ದೀನೋ ಏನೋ, ನೆಪ್ಪಿಲ್ಲ. ಹಿಂದೆ ಹದಿನೈದು ಮೂಟೆ ಹಾಕ್ಕಂಡು ಇಳಿಜಾರಲ್ಲಿ ಓಗೋನು ನಾನು. ಭಯ ಆಯ್ತದೆ."

ಅವನ ತಪ್ಪೇನಿಲ್ಲ. ಬಾವನ ಹೆಸರಿಗೆ ನಾನು ಕಿರೀಟ ಅಂತ ಇಟ್ಟದ್ದು ಅವರಿಗೆಲ್ಲ ಕಳಂಕವಾಗಿ ಕಂಡಿತ್ತು. ನಲವತ್ತು ವರ್ಷದ ಕೈಯ ಮೇಲಿನ ನಂಬಿಕೆಯನ್ನು ನಾನು ಒಂದು ಎಲೆಯ ಮುಂದೆ ಕೂತು ಅಲ್ಲಾಡಿಸಿದ್ದೆ. ಅಕ್ಕನ ಮನೆ ನಡೆಯುತ್ತಿದ್ದುದು ಆ ಶೆಡ್ಡಿನಿಂದ. ಅಕ್ಕ ಒಂದು ಮಾತೂ ಆಡಲಿಲ್ಲ. ಅದು ಇನ್ನೂ ಕಷ್ಟವಾಯಿತು. ಆದರೂ ನಿಜ ಹೇಳುತ್ತೇನೆ, ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ತೆಗೆದುಕೊಂಡರೆ ಆ ಕೆಂಪು ಕಾರಿನವರು ಗೆದ್ದ ಹಾಗೆ.

ಈ ವರ್ಷ ಯುಗಾದಿ ಕಳೆದ ಮೇಲೆ ಅವರೇ ಬಂದರು.

ಕಾರು ನಿಲ್ಲಿಸಿ ಇಳಿದವರೇ ಫೋನು ಕೈಗೆ ತೆಗೆದುಕೊಂಡರು. "ನಿಮ್ ಬಾವ ನನ್ ಗಾಡಿ ಕೆಡಿಸಿದಾನೆ ಅಂತ ಊರೆಲ್ಲ ಹೇಳ್ಕಂಡು ತಿರುಗ್ತಿದೀಯಂತೆ. ಹಿಂದೆ ತೂಗ್ತಾ ಐತೆ. ಬಿಚ್ಚು. ಬುಷ್ ಹರಿದಿರೋದನ್ನ ವಿಡಿಯೋ ಮಾಡಿ ಇಡೀ ಜಿಲ್ಲೆಗೆ ಕಳಿಸ್ತೀನಿ. ಆಮೇಲೆ ಈ ಶೆಡ್ಡು ಯಾವನು ನಡೆಸ್ತಾನೆ ನೋಡಣ."

ಹೊಸ ಜೋಡಿ ಶಾಕ್ ಅಬ್ಸಾರ್ಬರ್ ಡಿಕ್ಕಿಯಲ್ಲೇ ಇತ್ತು. ಬೆಂಗಳೂರಿಗೆ ಹೋಗಿ ಹಾಕಿಸುವ ಯೋಚನೆ ಅವರದು. ಅದಕ್ಕೆ ಮೊದಲು ಇಲ್ಲಿ ನನ್ನ ಕೈಯಲ್ಲೇ ಬಿಚ್ಚಿಸಬೇಕೆಂಬ ಹಠ.

ಅಕ್ಕ ಆಗಷ್ಟೇ ನನಗೆ ಊಟ ತಂದಿದ್ದಳು. ಬಾವ ಹೋದ ಮೇಲೆ ನನಗೆ ತರುತ್ತಾಳೆ. ಬುತ್ತಿ ಕೆಳಗಿಟ್ಟು, "ಬಿಚ್ಚು," ಎಂದಳು. "ಧೈರ್ಯವಾಗಿ ಬಿಚ್ಚು."

ಜಾಕಿ ಕೊಟ್ಟೆ. ಚಕ್ರ ಬಿಚ್ಚಿದೆ. ನನ್ನ ಹಿಂದೆ ಫೋನು ಹಿಡಿದು ಅವರು ನಿಂತಿದ್ದರು. ಆ ಹೊತ್ತು ನನ್ನ ಮನಸ್ಸಿನಲ್ಲಿದ್ದದ್ದನ್ನು ಅಕ್ಕನಿಗೂ ಹೇಳಿಲ್ಲ. ಬುಷ್ ಹರಿದಿರಲಿ ಎಂದು ನಾನು ಬಯಸುತ್ತಿದ್ದೆ. ಶೆಡ್ಡು ಮುಚ್ಚಲಿ, ಜಿಲ್ಲೆಯೆಲ್ಲ ಉಗಿಯಲಿ, ನಾನು ಕೂಲಿಗೆ ಹೋಗುತ್ತೇನೆ. ಬಾವ ಒಂದು ದಿನವಾದರೂ ಇವರ ಮೇಲೆ ಕೈಮಾಡಿದ್ದರು ಎಂಬುದೊಂದು ನನಗೆ ಉಳಿಯಲಿ. ನಟ್ಟು ತಿರುಗಿಸುತ್ತ ದೇವರನ್ನು ಅದನ್ನೇ ಕೇಳಿದೆ.

ಬೋಲ್ಟು ಹೊರಬಂತು. ಶಾಕ್ ಅಬ್ಸಾರ್ಬರನ್ನು ಕೆಳಗಿಳಿಸಿ ಬೆಳಕಿಗೆ ಹಿಡಿದೆ. ಬಟ್ಟೆಯಿಂದ ಎಣ್ಣೆ, ದೂಳು ಒರೆಸಿದೆ. ರಬ್ಬರ್ ದುಂಡಗಿತ್ತು. ಒಂದು ಸೀಳಿಲ್ಲ, ಒಂದು ತಿರುಚಿಲ್ಲ. ಎರಡನೆಯ ಕಡೆ ಬಿಚ್ಚಿದೆ. ಅದೂ ಹಾಗೇ. ಒಳಗಿನ ಎಣ್ಣೆ ಸೋರಿ ಶಾಕ್ ಅಬ್ಸಾರ್ಬರ್ ಹೋಗಿತ್ತು ಅಷ್ಟೇ. ಆ ಕ್ರಷರ್ ದಾರಿಯಲ್ಲಿ ನಾಲ್ಕು ವರ್ಷ ಬಂದದ್ದೇ ಹೆಚ್ಚು. ಭಾರ ಹೊರಿಸಿ, ಸರಿಯಾದ ಮಟ್ಟದಲ್ಲಿ ನಿಲ್ಲಿಸಿ ಬಿಗಿದ ಬುಷ್ ಮಾತ್ರ ಹಾಗಿರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನೂರಾರು ನೋಡಿದ್ದೇನೆ, ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ.

ಬಾವನ ಮೇಲೆ ನನಗೆ ಬಂದ ಸಿಟ್ಟು ಎಂಥದೆಂದು ಬರೆಯಲು ಬರುವುದಿಲ್ಲ. ಇಂಥವನಿಗೂ ಸರಿಯಾಗೇ ಮಾಡಿದಿರಾ ಎಂದು ಕೇಳಲು ಎದುರಿಗೆ ಅವರಿಲ್ಲ. ಗಾಡಿಯನ್ನು ಆ ಮಟ್ಟಕ್ಕೆ ತರಲು ಏನು ಮಾಡಿದರೆಂದೂ ತಿಳಿಯಲಿಲ್ಲ. ಜಾಕಿಯಿಂದಲೇ ಎತ್ತಿ ಅಂದಾಜು ಮಾಡಿರಬೇಕು ಎಂದುಕೊಂಡೆ.

ಅವರು ಫೋನು ಕೆಳಗಿಳಿಸಿದರು.

"ನಿಲ್ಲಿಸ್ಬ್ಯಾಡಿ ಸಾ," ಎಂದೆ. "ತೆಗೀರಿ. ಇದನ್ನೂ ತೆಗೀರಿ." ಬುಷ್ಷನ್ನು ಫೋನಿನ ಮುಂದೆಯೇ ಹಿಡಿದೆ. "ಇದು ನಮ್ ಬಾವ ಬಿಗಿದಿದ್ದು. ನಾನು ಊರೆಲ್ಲ ಹೇಳ್ಕಂಡು ತಿರುಗಿದ್ದು ಸುಳ್ಳು. ಅವ್ರು ನಿಮ್ ಗಾಡಿ ಕೆಡಿಸ್ಲಿಲ್ಲ. ಇದನ್ನ ಕಳಿಸಿ ಇಡೀ ಜಿಲ್ಲೆಗೆ."

ಅವರು ತೆಗೆದರು. ತೆಗೆದದ್ದನ್ನು ಯಾರಿಗೂ ಕಳಿಸಲಿಲ್ಲ. ಇವತ್ತಿಗೂ ಆ ವಿಡಿಯೋ ಯಾರ ಫೋನಿಗೂ ಬಂದಿಲ್ಲ. ಹರಿದ ಬುಷ್ ಆಗಿದ್ದರೆ ಸಂಜೆಯೊಳಗೆ ನಾಲ್ಕು ತಾಲ್ಲೂಕು ಸುತ್ತುತ್ತಿತ್ತು. ಅವರು ಕಳಿಸದೇ ಇದ್ದದ್ದನ್ನೇ ನಾನು ಇಲ್ಲಿ ಬರೆದಿದ್ದೇನೆ.

"ಸರಿ," ಎಂದರು ಕೊನೆಗೆ. "ಬಿಚ್ಚಿದ್ದಾಗೈತೆ. ಹೊಸದು ನೀನೇ ಹಾಕು."

ಹಾಕಿದೆ. ಬಾವ ಹಾಕುತ್ತಿದ್ದ ಹಾಗೇ ಹಾಕಿದೆ. ಮೇಲಿನ ನಟ್ಟು ಬಿಗಿದೆ, ಕೆಳಗಿನದನ್ನು ಬೆರಳಲ್ಲಿ ತಿರುಗಿಸಿಟ್ಟೆ. ಚಕ್ರ ಹಾಕಿ, ಕಾರನ್ನು ತಳ್ಳಿ ಗುಂಡಿಯ ಮೇಲೆ ತಂದು ನಿಲ್ಲಿಸಿದೆ. ಬೆಟ್ಟದ ನೆರಳು ಶೆಡ್ಡಿನ ಬಾಗಿಲಿಗೆ ಬಂದಿತ್ತು.

"ಭಾರಕ್ಕೆ ಇಬ್ರು ಬೇಕು ಸಾ."

ಅವರು ನನ್ನನ್ನು ನೋಡಿದರು. ನಾನೂ ನೋಡಿದೆ. "ನಾನೇ ಕೂರ್ತೀನಿ," ಎಂದರು.

"ಒಬ್ರು ಸಾಲ್ದು. ಒಂದೇ ಕಡೆ ತಗ್ತೈತೆ."

ಅವರು ರಸ್ತೆಯ ಆ ಕಡೆ ಈ ಕಡೆ ನೋಡಿದರು. ಯಾರೂ ಇರಲಿಲ್ಲ. ಪಂಕ್ಚರ್ ಅಂಗಡಿಯ ಸಾಬರು ಮಗಳ ಮನೆಗೆಂದು ಶಿರಾಕ್ಕೆ ಹೋಗಿದ್ದರು. ನಾನು ಗುಂಡಿಗೆ ಇಳಿಯಬೇಕು. ಉಳಿದದ್ದು ಅಕ್ಕ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

"ನಾನು ಕೂರ್ತೀನಿ," ಎಂದಳು. "ಕೂರ್ಲಾ ಅಣ್ಣ?"

ಅಣ್ಣ ಎಂದಳು, ಸಾಮಿ ಎನ್ನಲಿಲ್ಲ. ಅವರು ಹೋಗಿ ಸ್ಟೀರಿಂಗ್ ಮುಂದೆ ಕೂತರು. ಆ ಕಾರಿನ ಬಾಗಿಲಿಗೆ ಹೊರಗೆ ಹಿಡಿಯೇ ಕಾಣುವುದಿಲ್ಲ. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಈಚೆ ಬರುತ್ತದೆ. ನಾನೇ ಸ್ವಲ್ಪ ಹೊತ್ತಿನ ಹಿಂದೆ ತಡಕಾಡಿದ್ದೆ. ಅಕ್ಕ ಸರಿಯಾದ ಜಾಗ ಒತ್ತಿ ಬಾಗಿಲು ತೆಗೆದು, ತಲೆ ಬಗ್ಗಿಸಿ, ಕಾಲೆತ್ತಿಟ್ಟು ಒಳಗೆ ಕೂತಳು. ಬಾಗಿಲು ಹಾಕಿಕೊಂಡಳು.

ಗುಂಡಿಗೆ ಇಳಿದೆ. ಕಾರಿನ ಹಿಂಭಾಗ ಮೆಲ್ಲಗೆ ತಗ್ಗಿ ನಿಂತಿತ್ತು. ಕಿಟಕಿಗಳು ತೆಗೆದಿದ್ದವು, ಮಾತು ಕೆಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಎಡಗಡೆಯ ನಟ್ಟಿಗೆ ಸ್ಪ್ಯಾನರ್ ಹಾಕಿದೆ.

"ಮನೇಲಿ ಎಲ್ಲ ಚೆಂದಾಗವ್ರಾ ಅಣ್ಣ?" ಎಂದಳು ಅಕ್ಕ.

"ಹೂಂ."

"ಹೋದ್ಸಲ ನಾನು ಈ ಕಡೆ ಕುಂತಿರ್ಲಿಲ್ಲ. ನೀವು ಕುಂತಿದ್ದೀರಲ್ಲ, ಅಲ್ಲಿ ಕುಂತಿದ್ದೆ."

ನನ್ನ ಕೈ ನಿಂತಿತು.

"ಯಾವಾಗ?" ಎಂದರು ಅವರು.

"ನೀವು ಊಟಕ್ಕೆ ಹೋಗಿದ್ರಲ್ಲ, ಆವಾಗ. ನಾನು ಬುತ್ತಿ ತಂದಿದ್ದೆ. ಭಾರಕ್ಕೆ ಕೂತ್ಕೋ ಅಂದ್ರು ನಮ್ಮನೆಯೋರು. ಕಾರಿನೋರು ಬ್ಯಾಡ ಅಂದವ್ರೆ ಅಂತ ನೀವೇ ಹೇಳಿದ್ರಲ್ಲ ಅಂದೆ. ಬ್ಯಾಡ ಅಂದಿದ್ದು ಗಾಡಿಯೋರು, ಗಾಡಿ ಬೇಕು ಅಂತೈತೆ ಕಣೆ, ಕೂತ್ಕೋ ಅಂದ್ರು. ನನ್ ತಮ್ಮನ ಬಾಯಿ ನಿಲ್ಲಾಕಿಲ್ಲ ಅಂತ ಅವನನ್ನ ಕೊರಟಗೆರೆಗೆ ಅಟ್ಟಿದ್ರು." ಅಕ್ಕನ ದನಿಯಲ್ಲಿ ಏರಿಳಿತ ಇರಲಿಲ್ಲ. "ನಾನೊಬ್ಳೇ ಸಾಲ್ದು ಅಂತ ಈ ಸೀಟಿನ ಮ್ಯಾಲೆ ಲಾರಿ ಬ್ರೇಕ್ ಡ್ರಮ್ಮು ತಂದಿಟ್ರು. ಸೀಟು ತರಚೀತು ಅಂತ ಡ್ರಮ್ಮಿನ ಕೆಳಗೆ ಗೋಣಿ ಹಾಸಿದ್ರು. ನಂಗೇನೂ ಹಾಸ್ಲಿಲ್ಲ."

"ಇದನ್ನ ನಂಗ್ಯಾಕೆ ಹೇಳ್ತಿದೀಯಮ್ಮ?"

"ಯಾರಿಗೂ ಹೇಳ್ಬ್ಯಾಡ ಅಂದಿದ್ರು. ಇಷ್ಟು ದಿನ ಹೇಳ್ಲಿಲ್ಲ. ಅವರ ಕೆಲ್ಸಾನ ನೀವು ಫೋನು ಹಿಡಿದು ಸೋಸಿ ನೋಡಿದ್ರಿ. ಅದಕ್ಕೇ ಹೇಳ್ದೆ. ನೀವ್ ನೋಡುದ್ರಲ್ಲ, ರಬ್ಬರ್ರು, ಅದು ಚೆಂದಾಗಿರೋದು ನಾನು ಕುಂತಿದ್ದಕ್ಕೆ. ಎರಡು ನಿಮ್ಷದ ಕೆಲ್ಸ ಅದು. ಅವತ್ತು ಅರ್ಧ ಗಂಟೆ ತಗಂಡ್ರು. ಕೆಳಗಿಂದ ಹೆಂಗೈತೆ ಅಂದ್ರು. ಮೆತ್ತಗೈತೆ ಅಂದೆ. ಅಂಗಾರೆ ಕುಂತಿರು ಅಂದ್ರು."

ಬಲಗಡೆಯ ಬಾಗಿಲಿನ ಚಿಲಕ ಟಕ್ ಎಂದಿತು. ಅವರ ಒಂದು ಕಾಲು ನೆಲಕ್ಕೆ ಬಂತು. ಗುಂಡಿಯಿಂದ ನನಗೆ ಅವರ ಬೂಟು ಮಾತ್ರ ಕಾಣುತ್ತಿತ್ತು.

"ಇಳೀಬ್ಯಾಡಿ ಸಾ," ಎಂದೆ. "ನಟ್ಟು ಅರ್ಧದಾಗೈತೆ. ಈಗ ಭಾರ ಹೋದ್ರೆ ಬುಷ್ ಹರಿತೈತೆ. ನಿಮ್ಮದೇ ಗಾಡಿ."

ಬೂಟು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಮೇಲಕ್ಕೆ ಹೋಯಿತು. ಬಾಗಿಲು ಹಾಕಿಕೊಂಡಿತು.

ಎಡಗಡೆಯದು ಬಿಗಿದಾಯಿತು. ಬಲಗಡೆಯ ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಕಾಲು ಸುತ್ತು ತಿರುಗಿಸಿ, ತೆಗೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮತ್ತೆ ಹಾಕಿದೆ.

"ಹೆಂಗೈತಕ್ಕ?" ಎಂದು ಕೇಳಿದೆ.